ಲೋಳೆಯ ಕವಚವೂ ರಕ್ತದ ಅಂಕಿಯೂ

(ಅಂತಿಮ ಬಿ.ಎ. ವಿದ್ಯಾರ್ಥಿಯ ಲೇಖನ)

ಈ ಲೇಖನದ ತಲೆಬರೆಹವನ್ನು ಕಂಡೊಡನೆ, ಚರಿತ್ರೆ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೂ ಜೀವಕೋಶಗಳಿಗೂ ಏನು ಸಂಬಂಧವೆಂದು ನನ್ನ ಸಹಪಾಠಿಗಳು ನಗಬಹುದು. ಅಧ್ಯಾಪಕ ಮಹನೀಯರು ಹುಬ್ಬೇರಿಸಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ರೋಗವು ಮನೆಗೆ ಬರುವಾಗ, ಆ ಮನೆಯ ಮಕ್ಕಳು ಕಲೆಯನ್ನು ಓದಿದವರೋ ವಿಜ್ಞಾನವನ್ನು ಓದಿದವರೋ ಎಂದು ವಿಚಾರಿಸಿಕೊಂಡು ಬರುವುದಿಲ್ಲ. ಮೇಲಾಗಿ, ಸಕಲೇಶಪುರ, ಆಲೂರುಗಳ ಗುಡ್ಡಗಾಡಿನಿಂದ ಈ ಕಾಲೇಜಿಗೆ ಬರುವ ನಮ್ಮಲ್ಲಿ ಅನೇಕರು ತಮ್ಮ ಮನೆತನದಲ್ಲಿಯೇ ಮೊದಲ ಸಲ ಪದವಿಯ ಹೊಸ್ತಿಲನ್ನು ತುಳಿದವರು. ಮನೆಗೆ ಬಂದ ಇಂಗ್ಲಿಷ್ ಕಾಗದವು ಬ್ಯಾಂಕಿನದಾಗಲಿ, ಕೋರ್ಟಿನದಾಗಲಿ, ಆಸ್ಪತ್ರೆಯದಾಗಲಿ, ಕೊನೆಗೆ ನಮ್ಮ ಕೈಗೇ ಬರುತ್ತದೆ. ಓದಿ ಹೇಳುವ ಭಾರ ನಮ್ಮದು. ಓದಿ ಹೇಳಬೇಕಾದ ಮೇಲೆ, ಹೇಳುವುದರ ಅರ್ಥವನ್ನು ಅರಿಯುವ ಹೊಣೆಯೂ ನಮ್ಮದೇ ಆಗುತ್ತದೆ.

ನಾನು ಇಲ್ಲಿ ಪ್ರತಿಪಾದಿಸಬೇಕೆಂದಿರುವುದು ಇಷ್ಟೇ: ಕ್ಯಾನ್ಸರನ್ನು ಕುರಿತು ಕಳೆದ ನಾಲ್ಕು ದಶಕಗಳಲ್ಲಿ ದೊರೆತ ಜ್ಞಾನ ಬಹು ದೊಡ್ಡದು, ಅದರಿಂದ ಹುಟ್ಟಿದ ರಕ್ತಪರೀಕ್ಷೆಗಳೂ ತಮ್ಮ ತಮ್ಮ ಸ್ಥಾನದಲ್ಲಿ ಬಹಳ ಉಪಯುಕ್ತವಾದವು. ಆದರೆ ಆ ಪರೀಕ್ಷೆಗಳನ್ನು ಸಲ್ಲದ ಕಡೆ ಬಳಸಿ ನಾವು ಬಡವನ ಹಣವನ್ನೂ ಧೈರ್ಯವನ್ನೂ ಕಳೆಯುತ್ತಿದ್ದೇವೆ. ಅದೇ ವೇಳೆಯಲ್ಲಿ, ಬರಿಯ ಕಣ್ಣಿನಿಂದ ನೋಡಿ ಹಿಡಿಯಬಹುದಾದ ಕ್ಯಾನ್ಸರನ್ನು ನೋಡದೆ ಬಿಟ್ಟುಬಿಡುತ್ತಿದ್ದೇವೆ.

ಮೊದಲು ವಿಷಯವೇನೆಂಬುದನ್ನು ತಿಳಿಯೋಣ. ಹೇಮಾವತಿಯ ಹೊಳೆಯಲ್ಲಿ ಬರಿಗೈಯಿಂದ ಮೀನು ಹಿಡಿಯಲು ಹೋದವರಿಗೆಲ್ಲ ಒಂದು ಅನುಭವವಿದೆ. ಹಿಡಿದ ಮೀನು ಕೈಯಲ್ಲಿ ನಿಲ್ಲದೆ ಜಾರಿಹೋಗುತ್ತದೆ. ಅದರ ಮೈಮೇಲಿನ ಲೋಳೆಯೇ ಇದಕ್ಕೆ ಕಾರಣ. ಆ ಲೋಳೆಗೆ ಜಾರುವ ಗುಣವನ್ನು ಕೊಡುವ ಸಸಾರಜನಕ ವಸ್ತುವಿಗೆ, ಎಂದರೆ ಪ್ರೋಟೀನಿಗೆ, ಮ್ಯೂಸಿನ್ ಎಂದು ಹೆಸರು. ಮೀನಿಗೆ ಮಾತ್ರವೇ ಅಲ್ಲ, ನಮಗೂ ಮ್ಯೂಸಿನ್ ಇದೆ. ಬಾಯಿಯ ಎಂಜಲು ನೂಲಿನಂತೆ ಎಳೆಯಾಗುವುದು, ನುಂಗಿದ ತುತ್ತು ಗಂಟಲಿನಲ್ಲಿ ಜಾರುವುದು, ಜಠರದ ಆಮ್ಲ ಜಠರವನ್ನೇ ಸುಡದಿರುವುದು, ಕಣ್ಣಿನ ಮೇಲೆ ನೀರು ಹರಡಿ ನಿಲ್ಲುವುದು, ಇವೆಲ್ಲವೂ ಬಹುಮಟ್ಟಿಗೆ ಈ ಮ್ಯೂಸಿನ್‌ಗಳ ಉಪಕಾರ.

ಮ್ಯೂಸಿನ್‌ಗಳಲ್ಲಿ ಎರಡು ಬಗೆ. ಕೆಲವು ಕೋಶದಿಂದ ಹೊರಬಿದ್ದು ಲೋಳೆಯಾಗಿ ಹರಿಯುತ್ತವೆ. ಮತ್ತೆ ಕೆಲವು ಜೀವಕೋಶದ ಮೈಯಲ್ಲೇ ಬೇರೂರಿ ನಿಲ್ಲುತ್ತವೆ. ಈ ಎರಡನೆಯ ಬಗೆಯೇ ನಮಗೆ ಪ್ರಕೃತ. ನಮ್ಮ ತೋಟಗಳಲ್ಲಿ ಮರಕ್ಕೆ ಹಬ್ಬಿದ ಕಾಳುಮೆಣಸಿನ ಗೊಂಚಲನ್ನು ನೆನೆದುಕೊಂಡರೆ ಇದರ ರೂಪ ಕಣ್ಣಿಗೆ ಕಟ್ಟುತ್ತದೆ. ನಡುವಿನ ಕಡ್ಡಿಯೇ ಪ್ರೋಟೀನು. ಕಡ್ಡಿಯ ಸುತ್ತ ಒತ್ತೊತ್ತಾಗಿ ಕೂತ ಕಾಳುಗಳೇ ಸಕ್ಕರೆಯ ಸರಪಣಿಗಳು. ಗೊಂಚಲಿನ ಬುಡ ಕೋಶದ ಪೊರೆಯನ್ನು ತೂರಿ ಒಳಕ್ಕೆ ಚಾಚಿಕೊಂಡಿರುತ್ತದೆ. ತುದಿ ಹೊರಗೆ ಬಹು ಎತ್ತರಕ್ಕೆ ನಿಂತು, ರೋಗಾಣುಗಳು ಕೋಶದ ಮೈಯನ್ನು ಮುಟ್ಟದಂತೆ ತಡೆಯುತ್ತದೆ. ಹೊರಗಿನ ತುದಿ ಕವಚ. ಒಳಗಿನ ಬಾಲ, ಹೊರಗೆ ನಡೆಯುವುದನ್ನು ಕೋಶಕ್ಕೆ ತಿಳಿಸುವ ದೂತ.

ಈ ಗುಂಪಿನಲ್ಲಿ ಹೆಚ್ಚು ಪರಿಶೀಲನೆಗೆ ಒಳಗಾದುದು ಮ್ಯೂಸಿನ್ ೧. ಇದರ ಜೀನಿನ ರಚನೆಯನ್ನು ೧೯೯೦ರ ಸುಮಾರಿಗೆ ಬಿಡಿಸಿ ಓದಲಾಯಿತು. ಸ್ತನ, ಶ್ವಾಸಕೋಶ, ಮೇದೋಜೀರಕಾಂಗ ಮುಂತಾದ ಅವಯವಗಳ ಒಳಗಿನ ನಾಳಗಳಲ್ಲಿ ಜೀವಕೋಶಗಳು ಸಾಲಾಗಿ ನಿಂತಿರುತ್ತವೆ. ಆರೋಗ್ಯವಂತ ಕೋಶದಲ್ಲಿ ಮ್ಯೂಸಿನ್ ೧ ನಾಳದ ಕಡೆಗಿರುವ ಮುಖದ ಮೇಲೆ ಮಾತ್ರ ಇರುತ್ತದೆ. ಮನೆಗೆ ಹಂಚು ಮಾಡಿನ ಮೇಲಷ್ಟೇ ಇರುವ ಹಾಗೆ. ಕೋಶವು ಕ್ಯಾನ್ಸರಿಗೆ ತಿರುಗಿದಾಗ ಈ ಕಟ್ಟುಪಾಡು ಮುರಿಯುತ್ತದೆ. ಮ್ಯೂಸಿನ್ ಲೆಕ್ಕ ಮೀರಿ ಹುಟ್ಟುತ್ತದೆ, ಕೋಶದ ನಾಲ್ಕೂ ಕಡೆ ಹರಡುತ್ತದೆ. ಸಕ್ಕರೆಯ ಸರಪಣಿಗಳು, ಮಳೆ ತಪ್ಪಿದ ವರ್ಷದ ಮೆಣಸಿನ ಗೊಂಚಲಿನಂತೆ, ಮೋಟಾಗಿ ಅರೆಬರೆಯಾಗುತ್ತವೆ. ಇದರಿಂದ ಮೂರು ಕೇಡುಗಳು. ಮೊದಲನೆಯದು, ನೆರೆಯ ಕೋಶದೊಡನೆ ಅಂಟಿಕೊಂಡಿರಬೇಕಾದ ಕೋಶ ಜಾರಿ ಬಿಡಿಸಿಕೊಂಡು ಬೇರೆಡೆಗೆ ಹೊರಡಲು ಅನುಕೂಲವಾಗುತ್ತದೆ. ಎರಡನೆಯದು, ಶರೀರವನ್ನು ಕಾಯುವ ಬಿಳಿ ರಕ್ತಕಣಗಳಿಗೆ ಈ ಕವಚವನ್ನು ದಾಟಿ ಒಳಗಿನ ಕಳ್ಳನನ್ನು ಹಿಡಿಯುವುದು ಕಷ್ಟವಾಗುತ್ತದೆ. ಮೂರನೆಯದು, ಒಳಗಿನ ಬಾಲ "ಬೆಳೆ, ಇನ್ನೂ ಬೆಳೆ, ಸಾಯಬೇಡ" ಎಂಬ ಸಂದೇಶವನ್ನು ಕೋಶಕ್ಕೆ ಸಾರುತ್ತದೆ. ನಮ್ಮ ರಕ್ಷಣೆಗೆಂದು ನೆಯ್ದ ಕಂಬಳಿಯನ್ನೇ ಹೊದೆದುಕೊಂಡು ಶತ್ರು ನಮ್ಮ ಮನೆಯಲ್ಲಿ ಓಡಾಡುವುದೆಂದರೆ ಇದೇ.

ಶತ್ರುವಿನ ಕಂಬಳಿಯಿಂದ ಎಳೆಗಳು ಉದುರುವುದೂ ಉಂಟು. ಮ್ಯೂಸಿನ್ನಿನ ಹೊರಭಾಗ ಕಳಚಿ ರಕ್ತಕ್ಕೆ ಸೇರುತ್ತದೆ. ಆ ಎಳೆಗಳನ್ನು ರಕ್ತದಲ್ಲಿ ಅಳೆಯಬಹುದಲ್ಲವೇ ಎಂಬ ಯೋಚನೆಯಿಂದ ಹುಟ್ಟಿದವು ಇಂದಿನ ಹೆಸರುವಾಸಿಯಾದ ಪರೀಕ್ಷೆಗಳು. ಸ್ತನ ಕ್ಯಾನ್ಸರಿನಲ್ಲಿ ಅಳೆಯುವ ಸಿ.ಎ. ೧೫-೩ ಎಂಬುದು ಈ ಮ್ಯೂಸಿನ್ ೧ರ ತುಂಡೇ. ಅಂಡಾಶಯದ ಕ್ಯಾನ್ಸರಿನಲ್ಲಿ ಅಳೆಯುವ ಸಿ.ಎ. ೧೨೫ ಎಂಬುದನ್ನು ಅಮೆರಿಕದ ರಾಬರ್ಟ್ ಬಾಸ್ಟ್ ಮತ್ತು ಅವರ ಸಂಗಡಿಗರು ೧೯೮೧ರಲ್ಲಿ ಗುರುತಿಸಿದರು. ಅದೂ ಒಂದು ಮ್ಯೂಸಿನ್ನೇ ಎಂಬುದು ೨೦೦೧ರಲ್ಲಿ ತಿಳಿಯಿತು. ಈಗ ಅದನ್ನು ಮ್ಯೂಸಿನ್ ೧೬ ಎಂದು ಕರೆಯುತ್ತಾರೆ. ಇಪ್ಪತ್ತೆರಡು ಸಾವಿರದಷ್ಟು ಅಮೈನೋ ಆಮ್ಲಗಳನ್ನು ಪೋಣಿಸಿದ ಈ ಸರ ಮ್ಯೂಸಿನ್‌ಗಳಲ್ಲೆಲ್ಲ ದೊಡ್ಡದು. ರಕ್ತದ ಒಂದು ಮಿಲಿಲೀಟರಿನಲ್ಲಿ ಇದು ೩೫ ಮಾನಕ್ಕಿಂತ ಕಡಿಮೆಯಿದ್ದರೆ ಸಾಧಾರಣವೆಂದು ಗಣನೆ.

ಇಲ್ಲಿಯವರೆಗೆ ವಿಜ್ಞಾನ. ಇಲ್ಲಿಂದ ಮುಂದೆ ತರ್ಕ. ತರ್ಕವು ಕಲಾವಿಭಾಗದ ಸ್ವತ್ತೂ ಹೌದು.

ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ ಎಂಬುದು ನಮ್ಮ ನ್ಯಾಯಶಾಸ್ತ್ರದ ಹಳೆಯ ಉದಾಹರಣೆ. ಆದರೆ ದೂರದಿಂದ ಮಂಜನ್ನು ಕಂಡು ಹೊಗೆಯೆಂದು ಬಗೆದವನ ಅನುಮಾನ ಕೆಡುತ್ತದೆಂದೂ ಅದೇ ಶಾಸ್ತ್ರ ಎಚ್ಚರಿಸುತ್ತದೆ. ಮಂಜಿನಿಂದಲೇ ಹೆಸರು ಪಡೆಯಿತೆಂದು ಹೇಳುವ ಮಂಜರಾಬಾದಿನ ಕೋಟೆಯ ನೆರೆಯಲ್ಲಿ ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಸಿ.ಎ. ೧೨೫ರ ಅಂಕಿ ಅಂತಹದೊಂದು ಮಂಜು. ಅಂಡಾಶಯದ ಕ್ಯಾನ್ಸರು ಬಲಿತವರಲ್ಲಿ ಬಹುಪಾಲು ಜನಕ್ಕೆ ಅದು ಏರುತ್ತದೆ, ನಿಜ. ಆದರೆ ರೋಗ ಇನ್ನೂ ಮೊಳಕೆಯಲ್ಲಿರುವಾಗ ಸುಮಾರು ಅರ್ಧದಷ್ಟು ಜನರಲ್ಲಿ ಅದು ಏರುವುದೇ ಇಲ್ಲ. ಇನ್ನೊಂದು ಕಡೆ, ಕ್ಯಾನ್ಸರಿನ ಸೋಂಕೂ ಇಲ್ಲದವರಲ್ಲಿ ಅದು ಏರುವುದುಂಟು: ಮುಟ್ಟಿನ ದಿನಗಳಲ್ಲಿ, ಗರ್ಭಿಣಿಯಾಗಿರುವಾಗ, ಯಕೃತ್ತು ಕೆಟ್ಟಾಗ, ಹೊಟ್ಟೆಯ ಒಳಪೊರೆಗೆ ಕ್ಷಯ ತಗುಲಿದಾಗ. ಹೊಟ್ಟೆಯ ಒಳಪೊರೆಯ ಕೋಶಗಳೂ ಈ ಮ್ಯೂಸಿನ್ನನ್ನು ತಯಾರಿಸುತ್ತವೆ, ಕೆರಳಿದರೆ ಉದುರಿಸುತ್ತವೆ. ಅವು ಕೆರಳಲು ಕ್ಯಾನ್ಸರೇ ಆಗಬೇಕೆಂದಿಲ್ಲ.

ಇದು ಪುಸ್ತಕದ ಮಾತಾಗಿ ಉಳಿದಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಆಲೂರು ಕಡೆಯ ನನ್ನ ಚಿಕ್ಕಮ್ಮನವರಿಗೆ ಎರಡು ವರ್ಷಗಳ ಹಿಂದೆ ಹೊಟ್ಟೆಯಲ್ಲಿ ನೀರು ತುಂಬಿ ಊಟ ಸೇರದಾಯಿತು. ಪಟ್ಟಣದ ಒಂದು ಪ್ರಯೋಗಾಲಯದಿಂದ ಕಾಗದ ಬಂತು. "ಇದ್ರಲ್ಲೇನ್ ಬರ್ದವ್ರೆ ಓದ್ ಹೇಳು ಮಗ" ಎಂದು ಚಿಕ್ಕಪ್ಪ ಅದನ್ನು ನನ್ನ ಕೈಗಿತ್ತರು. ಸಿ.ಎ. ೧೨೫ ನಾನೂರನ್ನು ದಾಟಿತ್ತು. ಎದುರಿಗೆ ೩೫ ಎಂಬ ಅಂಕಿ. ಇದ್ದದ್ದನ್ನು ಓದಿ ಹೇಳಿದೆ. ಅದರ ಅರ್ಥವನ್ನು ತಿಳಿಸುವ ಒಂದು ಸಾಲೂ ಆ ಕಾಗದದಲ್ಲಿರಲಿಲ್ಲ. ಅರ್ಥವನ್ನು ಊರಿನವರು ತುಂಬಿದರು. ಸಂಜೆಯ ಹೊತ್ತಿಗೆ ಕೇರಿಯಲ್ಲೆಲ್ಲ "ಕ್ಯಾನ್ಸರಂತೆ" ಎಂಬ ಮಾತು ಹರಡಿತು. ಮದುವೆ ಗೊತ್ತಾಗಿದ್ದ ಅವರ ಮಗಳ ಕಡೆಯವರು ಮಾತುಕತೆಯನ್ನು ಮುಂದಕ್ಕೆ ಹಾಕಿದರು. ದೊಡ್ಡ ಊರಿಗೆ ಹೋಗುವ ಖರ್ಚಿಗೆ ಹಾಲು ಕರೆಯುತ್ತಿದ್ದ ಎರಡು ಹಸುಗಳನ್ನು ಚಿಕ್ಕಪ್ಪ ಬಂದ ಬೆಲೆಗೆ ಕೊಟ್ಟರು. ಅಲ್ಲಿಯ ವೈದ್ಯರು ಆ ಅಂಕಿಯನ್ನು ನೋಡಿದರು, ಪಕ್ಕಕ್ಕಿಟ್ಟರು. ಹೊಟ್ಟೆಯ ಒಳಪೊರೆಯ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. ಕ್ಷಯವೆಂದು ತಿಳಿಯಿತು. ಆರು ತಿಂಗಳು ಸರ್ಕಾರದ ಉಚಿತ ಮಾತ್ರೆಗಳನ್ನು ನುಂಗಿದ ಮೇಲೆ ಹೊಟ್ಟೆ ಇಳಿಯಿತು, ಅಂಕಿಯೂ ಇಳಿಯಿತು. ಕಳೆದ ಕೊಯ್ಲಿನಲ್ಲಿ ಚಿಕ್ಕಮ್ಮ ಎಂದಿನಂತೆ ಕಾಫಿ ಹಣ್ಣು ಕೊಯ್ದರು. ಹಸುಗಳು ಮಾತ್ರ ಹಿಂದಿರುಗಲಿಲ್ಲ. ಆ ಸಂಬಂಧವೂ ಕೂಡಿಬರಲಿಲ್ಲ.

ಇಲ್ಲಿ ಪರೀಕ್ಷೆ ಸುಳ್ಳು ಹೇಳಿತೆನ್ನಲಾಗದು. ಹೊಟ್ಟೆಯೊಳಗೆ ಏನೋ ಕೆರಳಿದೆ ಎಂದು ಅದು ನಿಜವನ್ನೇ ಹೇಳಿತು. ಸಾಕ್ಷಿಯೊಬ್ಬನ ಹೇಳಿಕೆಯನ್ನು ನಾವು ನ್ಯಾಯಾಧೀಶರ ತೀರ್ಪೆಂದು ಓದಿಕೊಂಡದ್ದರಿಂದ ಅನಾಹುತವಾಯಿತು.

"ಆದರೂ ಪರೀಕ್ಷೆ ಮಾಡಿಸಿದರೆ ನಷ್ಟವೇನು? ಇಲ್ಲವೆಂದು ತಿಳಿದರೆ ಸಮಾಧಾನ, ಇದೆಯೆಂದು ತಿಳಿದರೆ ಚಿಕಿತ್ಸೆ" ಎಂದು ವಾದಿಸುವವರಿದ್ದಾರೆ. ಮೊಬೈಲಿನಲ್ಲಿಯೂ ಪಟ್ಟಣದ ಫಲಕಗಳಲ್ಲಿಯೂ "ಸಂಪೂರ್ಣ ದೇಹ ತಪಾಸಣೆ"ಯೆಂದು ಹತ್ತಾರು ಪರೀಕ್ಷೆಗಳ ಕಟ್ಟನ್ನು ಮಾರುವವರ ವಾದವೂ ಇದೇ. ಈ ವಾದಕ್ಕೆ ಉತ್ತರವನ್ನು ಪ್ರಪಂಚ ಬಹಳ ಬೆಲೆ ತೆತ್ತು ಕಂಡುಕೊಂಡಿದೆ. ಅಮೆರಿಕದಲ್ಲಿ ೭೮,೨೧೬ ಮಹಿಳೆಯರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಪ್ರತಿವರ್ಷ ಸಿ.ಎ. ೧೨೫ ಮತ್ತು ಸ್ಕ್ಯಾನಿಂಗ್ ಮಾಡಿದರು. ೨೦೧೧ರಲ್ಲಿ ಪ್ರಕಟವಾದ ಫಲಿತಾಂಶವೇನು? ಪರೀಕ್ಷೆ ಮಾಡಿಸಿಕೊಂಡ ಪಾಲಿನಲ್ಲಿ ಅಂಡಾಶಯದ ಕ್ಯಾನ್ಸರಿನ ಸಾವು ಕಡಿಮೆಯಾಗಲಿಲ್ಲ. ಬದಲಾಗಿ ೩,೨೮೫ ಮಂದಿಗೆ ಇಲ್ಲದ ರೋಗದ ಸುಳ್ಳು ಸುಳಿವು ಸಿಕ್ಕಿತು. ಅವರಲ್ಲಿ ೧,೦೮೦ ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾದರು. ೧೬೩ ಮಂದಿಗೆ ಗಂಭೀರ ತೊಡಕುಗಳಾದವು. ಬ್ರಿಟನ್ನಿನಲ್ಲಿ ೨,೦೨,೬೩೮ ಮಹಿಳೆಯರನ್ನು ಸೇರಿಸಿಕೊಂಡು, ಅಂಕಿ ವರ್ಷದಿಂದ ವರ್ಷಕ್ಕೆ ಏರುವ ಬಗೆಯನ್ನು ಲೆಕ್ಕಹಾಕಿ, ಇನ್ನೂ ಜಾಣತನದಿಂದ ಪರೀಕ್ಷಿಸಿದರು. ಹದಿನಾರು ವರ್ಷಗಳಷ್ಟು ಕಾದು ೨೦೨೧ರಲ್ಲಿ ಹೇಳಿದ ತೀರ್ಮಾನವೂ ಅದೇ: ರೋಗಲಕ್ಷಣವಿಲ್ಲದವರನ್ನು ಹೀಗೆ ಪರೀಕ್ಷಿಸುವುದರಿಂದ ಸಾವು ತಪ್ಪುವುದಿಲ್ಲ.

ಹಾಗಾದರೆ ಈ ಪರೀಕ್ಷೆಯನ್ನು ಎಸೆದುಬಿಡಬೇಕೆ? ಖಂಡಿತ ಕೂಡದು. ರೋಗವೆಂದು ಬೇರೆ ರೀತಿಯಲ್ಲಿ ಖಚಿತವಾದವರಲ್ಲಿ, ಚಿಕಿತ್ಸೆ ಫಲಿಸುತ್ತಿದೆಯೇ, ರೋಗ ಮರುಕಳಿಸಿತೇ ಎಂಬುದನ್ನು ತಿಳಿಯಲು ವೈದ್ಯರಿಗೆ ಇದು ಕೈದೀವಿಗೆ. ವಾರಗಟ್ಟಲೆ ಹೊಟ್ಟೆ ಉಬ್ಬರ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಇವುಗಳಿಂದ ನರಳುವ ಹೆಂಗಸು ವೈದ್ಯರ ಬಳಿಗೆ ಹೋಗಲೇಬೇಕು. ಅವರು ಇತರ ಪರೀಕ್ಷೆಗಳೊಡನೆ ಇದನ್ನೂ ಮಾಡಿಸಿದರೆ ಅದು ಯುಕ್ತವೇ ಸರಿ. ಮ್ಯೂಸಿನ್ನನ್ನೇ ಗುರಿಯಾಗಿಟ್ಟು ಔಷಧ ತಯಾರಿಸುವ ಪ್ರಯತ್ನಗಳೂ ನಡೆದಿವೆ. ಮ್ಯೂಸಿನ್ ೧ರ ವಿರುದ್ಧ ದೇಹದ ಕಾವಲನ್ನು ಎಬ್ಬಿಸುವ ಒಂದು ಲಸಿಕೆಯನ್ನು ಸಾವಿರಕ್ಕೂ ಮೇಲ್ಪಟ್ಟ ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ ಪ್ರಯೋಗಿಸಿ, ಒಟ್ಟಾರೆ ಆಯುಷ್ಯವನ್ನು ಅದು ಹೆಚ್ಚಿಸಲಿಲ್ಲವೆಂದು ೨೦೧೪ರಲ್ಲಿ ವರದಿ ಮಾಡಿದರು. ಸಂಶೋಧಕರು ಇನ್ನೂ ಕೈಬಿಟ್ಟಿಲ್ಲ, ಬಿಡಲೂ ಬಾರದು. ನನ್ನ ತಕರಾರು ವಿಜ್ಞಾನದ ಮೇಲಲ್ಲ, ವಿಜ್ಞಾನದ ಹೆಸರಿನಲ್ಲಿ ನಡೆಯುವ ವ್ಯಾಪಾರದ ಮೇಲೆ.

ಈಗ ನಾಣ್ಯದ ಇನ್ನೊಂದು ಮಗ್ಗುಲನ್ನು ನೋಡೋಣ. ನಮ್ಮ ಊರಿನ ಪಕ್ಕದ ಎಸ್ಟೇಟಿನ ಲೈನುಮನೆಯಲ್ಲಿ ಒಬ್ಬ ಮುದುಕರಿದ್ದರು. ಮೂವತ್ತು ವರ್ಷ ಮರಗಸಿ ಮಾಡಿದ ಕೈ. ಎಲೆಅಡಿಕೆ, ಸುಣ್ಣ, ಹೊಗೆಸೊಪ್ಪು ಕೆನ್ನೆಯಲ್ಲಿ ಸದಾ ಇರಬೇಕು. ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ದುಡಿಯುವಾಗ ಮೈ ಬೆಚ್ಚಗಾಗುವುದು ಅದರಿಂದಲೇ ಎಂದು ಅವರು ಹೇಳುತ್ತಿದ್ದರು. ಕೆನ್ನೆಯ ಒಳಗೆ ಬಿಳಿಯ ಮಚ್ಚೆ, ಆಮೇಲೆ ಮಾಯದ ಹುಣ್ಣು. ಒಂದು ವರ್ಷಕ್ಕೂ ಮೇಲ್ಪಟ್ಟು ಅದು ಅಲ್ಲಿಯೇ ಇತ್ತು. ನೋಡಲು ರಕ್ತ ತೆಗೆಯಬೇಕಾಗಿರಲಿಲ್ಲ, ಇಂಗ್ಲಿಷ್ ಬೇಕಾಗಿರಲಿಲ್ಲ, ಹಸು ಮಾರಬೇಕಾಗಿರಲಿಲ್ಲ. ಒಂದು ಬ್ಯಾಟರಿ ಸಾಕಾಗಿತ್ತು. ಯಾರೂ ಬಾಯಿ ತೆರೆಸಿ ನೋಡಲಿಲ್ಲ. ಬಾಯಿ ತೆರೆಯಲಾಗದಂತಾದ ಮೇಲೆ ಸುಮಾರು ೨೨೦ ಕಿಲೋಮೀಟರು ದೂರದ ಬೆಂಗಳೂರಿಗೆ ಕರೆದೊಯ್ದರು. ಆ ವೇಳೆಗೆ ಕಾಲ ಮಿಂಚಿತ್ತು.

ನಮ್ಮ ಬಾಯಿಯ ಒಳಪೊರೆಗೂ ಮ್ಯೂಸಿನ್ನಿನ ಕವಚವಿದೆಯೆಂದು ಆಗಲೇ ಹೇಳಿದೆ. ದೇವರು ಕೊಟ್ಟ ಆ ಕವಚದ ಮೇಲೆ ನಾವು ದಿನವೂ ಸುಣ್ಣ, ಹೊಗೆಸೊಪ್ಪು, ಕಡ್ಡಿಪುಡಿಗಳನ್ನು ತಿಕ್ಕುತ್ತೇವೆ. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೦೪ರಲ್ಲಿ ತೀರ್ಮಾನಿಸಿತು. ಅಡಿಕೆಯನ್ನು ಬೆಳೆದು ಬದುಕುವ ಸೀಮೆಯಲ್ಲಿ ಈ ಮಾತು ಕಹಿಯೆಂದು ಬಲ್ಲೆ. ಆದರೆ ಕಹಿಯೆಂದ ಮಾತ್ರಕ್ಕೆ ಸುಳ್ಳಾಗದು. ಕರ್ನಾಟಕ ಸರ್ಕಾರ ೨೦೧೩ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಅಂಗಡಿಗಳವರು ಅಡಿಕೆಯದೊಂದು, ತಂಬಾಕಿನದೊಂದು ಎಂದು ಎರಡು ಪೊಟ್ಟಣ ಮಾಡಿ ಮಾರತೊಡಗಿದರು. ಕಾನೂನು ಅಂಗಡಿಯವರೆಗೆ ಹೋಗಬಲ್ಲದು, ಕೆನ್ನೆಯೊಳಗೆ ಹೋಗಲಾರದು.

ಕಣ್ಣಿನಿಂದ ನೋಡುವ ಈ ಸರಳ ವಿಧಾನಕ್ಕೆ ಬೆಲೆಯುಂಟೆ ಎಂದರೆ, ಉಂಟೆಂಬುದಕ್ಕೆ ಪ್ರಮಾಣವನ್ನು ನಮ್ಮ ದೇಶವೇ ಒದಗಿಸಿದೆ. ಕೇರಳದ ತಿರುವನಂತಪುರದ ಗ್ರಾಮಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಯನ್ನು ನೋಡಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇಕಡಾ ೩೪ರಷ್ಟು ಇಳಿಯಿತೆಂದು ೨೦೦೫ರಲ್ಲಿ ಪ್ರಕಟವಾಯಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ೧೯೯೮ರಲ್ಲಿ ಆರಂಭಿಸಿದ ಕಾರ್ಯ ಇನ್ನೂ ಸ್ವಾರಸ್ಯವಾದದ್ದು. ಹತ್ತನೆಯ ತರಗತಿಯವರೆಗೆ ಓದಿದ ಹೆಂಗಸರಿಗೆ ಕೆಲವು ವಾರಗಳ ಶಿಕ್ಷಣ ಕೊಟ್ಟು, ಗರ್ಭಕೋಶದ ಕೊರಳಿಗೆ ವಿನಿಗರಿನಂತಹ ತಿಳಿ ಆಮ್ಲವನ್ನು ಹಚ್ಚಿ ಬಿಳುಪಾಗುವುದೇ ನೋಡುವ ಕ್ರಮವನ್ನು ಕಲಿಸಿದರು. ಸುಮಾರು ಒಂದೂವರೆ ಲಕ್ಷ ಬಡ ಮಹಿಳೆಯರು ಈ ಅಧ್ಯಯನದಲ್ಲಿದ್ದರು. ಹನ್ನೆರಡು ವರ್ಷಗಳ ಲೆಕ್ಕದಲ್ಲಿ, ಹೀಗೆ ಪರೀಕ್ಷಿಸಿದ ಕಡೆ ಆ ಕ್ಯಾನ್ಸರಿನ ಸಾವು ಶೇಕಡಾ ೩೧ರಷ್ಟು ಕಡಿಮೆಯಾಯಿತು. ಒಂದು ಕಡೆ ಸಾಹುಕಾರ ದೇಶಗಳ ಲಕ್ಷಾಂತರ ರಕ್ತಪರೀಕ್ಷೆಗಳಿಂದ ಆಗದ ಕೆಲಸ. ಇನ್ನೊಂದು ಕಡೆ ಬ್ಯಾಟರಿ, ಹತ್ತಿ, ತಿಳಿ ಆಮ್ಲ, ಕಲಿತ ಕಣ್ಣುಗಳಿಂದ ಆದ ಕೆಲಸ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ನಮ್ಮ ರಾಜ್ಯದಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ೧೯೭೩ರಿಂದ ಬಡವರಿಗೆ ಆಸರೆಯಾಗಿದೆ. ಹಾಸನದಲ್ಲಿ ೨೦೦೬ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೋಶದ ಕೊರಳು, ಈ ಮೂರರ ತಪಾಸಣೆಯನ್ನು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿಯೇ ನಡೆಸಬೇಕೆಂಬ ಯೋಜನೆ ೨೦೧೬ರಿಂದಲೂ ಕಾಗದದ ಮೇಲಿದೆ. ಆದರೆ ಕೇಂದ್ರಕ್ಕೂ ಜನಕ್ಕೂ ನಡುವೆ ಒಂದು ಕಂದಕವಿದೆ. ಯೆಸಳೂರು, ಹೆತ್ತೂರು, ಹಾನುಬಾಳು ಕಡೆಯ ಒಂದು ಹೆಂಗಸು ತಪಾಸಣೆಗೆ ಹೋಗಬೇಕಾದರೆ ಒಂದು ದಿನದ ಕೂಲಿಯನ್ನು ಬಿಡಬೇಕು, ಮಳೆಯಲ್ಲಿ ಬಸ್ಸಿಗೆ ಕಾಯಬೇಕು, ಎಲ್ಲಕ್ಕಿಂತ ಮೇಲಾಗಿ ನಾಚಿಕೆಯನ್ನು ಗೆಲ್ಲಬೇಕು. ಇಂತಹ ಕಂದಕವನ್ನು ದಾಟಲು ಸೇತುವೆ ಬೇಕು. ಆ ಸೇತುವೆ ನಾವೇ ಎಂಬುದು ನನ್ನ ದೃಢವಾದ ನಂಬಿಕೆ.

ಆದಕಾರಣ ನನ್ನ ಅಲ್ಪಮತಿಗೆ ತೋಚಿದ ಮೂರು ಸಲಹೆಗಳನ್ನು ಸಹೋದರ ವಿದ್ಯಾರ್ಥಿಗಳ ಮುಂದೆಯೂ ಅಧ್ಯಾಪಕ ವರ್ಗದವರ ಮುಂದೆಯೂ ಇಡುತ್ತೇನೆ.

ಮೊದಲನೆಯದು: ಪ್ರಯೋಗಾಲಯದ ಪ್ರತಿಯೊಂದು ಇಂತಹ ಕಾಗದದ ಕೆಳಗೆ ಕನ್ನಡದಲ್ಲಿ ಎರಡು ಸಾಲು ಅಚ್ಚಾಗಬೇಕು. "ಈ ಅಂಕಿ ಕ್ಯಾನ್ಸರಲ್ಲದ ಕಾರಣಗಳಿಂದಲೂ ಏರಬಹುದು. ವೈದ್ಯರನ್ನು ಕಾಣದೆ ತೀರ್ಮಾನಕ್ಕೆ ಬರಬೇಡಿ." ಈ ಎರಡು ಸಾಲು ಇದ್ದಿದ್ದರೆ ನಮ್ಮ ಚಿಕ್ಕಮ್ಮನ ಕೊಟ್ಟಿಗೆ ಬರಿದಾಗುತ್ತಿರಲಿಲ್ಲವೇನೋ. ಇದಕ್ಕಾಗಿ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ನಮ್ಮ ವಿದ್ಯಾರ್ಥಿ ಸಂಘದಿಂದ ಒಂದು ಮನವಿ ಹೋಗಲಿ.

ಎರಡನೆಯದು: ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ವಾರ್ಷಿಕ ಶಿಬಿರದಲ್ಲಿ ರಸ್ತೆ ಗುಡಿಸುವುದರ ಜತೆಗೆ ಒಂದು ದಿನವನ್ನು ಇದಕ್ಕೆ ಮೀಸಲಿಡೋಣ. ಆರೋಗ್ಯ ಕೇಂದ್ರದವರನ್ನೂ ಆಶಾ ಕಾರ್ಯಕರ್ತೆಯರನ್ನೂ ಬೇಡಿಕೊಂಡು ಲೈನುಮನೆಗಳ ಬಾಗಿಲಿಗೇ ತಪಾಸಣೆಯನ್ನು ಕರೆದೊಯ್ಯೋಣ. ಪರೀಕ್ಷಿಸುವವರು ಅವರು, ಜನರನ್ನು ಕರೆತರುವವರು, ಹೆಸರು ಬರೆಯುವವರು, ಧೈರ್ಯ ಹೇಳುವವರು ನಾವು. ಎಸ್ಟೇಟಿನ ಸಾಹುಕಾರರೂ ರೈಟರುಗಳೂ ಆ ದಿನದ ಅರ್ಧ ಕೂಲಿಯನ್ನು ಕಡಿಯದೆ ಕೊಡುವಷ್ಟು ಉದಾರಿಗಳಾದಾರೆಂದು ನಂಬುತ್ತೇನೆ.

ಮೂರನೆಯದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಕಷ್ಟ: ಈ ಬೇಸಗೆಯ ರಜೆಯಲ್ಲಿ ನಮ್ಮಲ್ಲಿ ಪ್ರತಿಯೊಬ್ಬರೂ ನಮ್ಮ ನಮ್ಮ ಅವ್ವನನ್ನೋ ಅಪ್ಪನನ್ನೋ ಒಂದು ಸಲ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗೋಣ. ನಮ್ಮ ಫೀಜಿಗಾಗಿ ಅವರು ಎಷ್ಟೋ ದಿನದ ಕೂಲಿಯನ್ನು ಎಣಿಸಿ ಕೊಟ್ಟಿದ್ದಾರೆ. ಅವರಿಗಾಗಿ ನಾವು ಒಂದು ದಿನವನ್ನು ಕೊಡಲಾರೆವೇ?

ಪದವಿ ಎಂಬುದು ಗೋಡೆಗೆ ತೂಗುಹಾಕುವ ಕಾಗದವಲ್ಲ. ಅಕ್ಷರ ಬಾರದ ಮನೆಗಳಿಂದ ಬಂದ ನಮಗೆ ಅದು ಒಂದು ಸಾಲ. ಪರಭಾಷೆಯಲ್ಲಿ ಬಂದ ಅಂಕಿಯನ್ನು ಕಂಡು ಹೆದರಿದವರಿಗೆ ಅದರ ಅರ್ಥವನ್ನು ನಮ್ಮ ನುಡಿಯಲ್ಲಿ ಹೇಳಿ, ಹೆದರಬೇಕಾದಲ್ಲಿ ಹೆದರದೆ ಕೂತವರನ್ನು ಎಬ್ಬಿಸಿ ನಡೆಸಿದರೆ, ಆ ಸಾಲದಲ್ಲಿ ಒಂದು ಕಂತಾದರೂ ಸಂದಾಯವಾದೀತು.